ಕೊನೆಯದಾಗಿ ಅಯ್ಯನವರು

ಚರ್ಚಿನ ಸಭೆಯವರು ಎದುರಿಗೆ ಸಿಕ್ಕಾಗ ತಮ್ಮ ಪಾಸ್ಟರರನ್ನು ‘ಅಯ್ಯನವರೇ’ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ, ಅದರಲ್ಲೂ ಹಾಡುವ ತಂಡದ ಹುಡುಗಿಯರ ಬೆಂಚಿನಲ್ಲಿ, ಅವರು ‘ಕೊನೆಯದಾಗಿ ಅಯ್ಯನವರು’. ಆ ಹೆಸರನ್ನು ಅವರು ಕಷ್ಟಪಟ್ಟು ಗಳಿಸಿದ್ದರು. ಭಾನುವಾರ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಪೀಠ ಹತ್ತಿದರೆ ಪೀಠಿಕೆಗೇ ಹತ್ತು ನಿಮಿಷ. ಅದಾಗಿ ಕಾಲು ಗಂಟೆಗೆ ‘ಕೊನೆಯದಾಗಿ’ ಎನ್ನುವರು. ಜನ ಕಾಲಡಿಯ ಚೀಲ ಎಳೆದುಕೊಳ್ಳುವರು. ಆ ಒಂದು ಮಾತೇ ಅವರಿಗೆ ಏನೋ ಹುಮ್ಮಸ್ಸು ಕೊಟ್ಟು, ಪ್ರಸಂಗ ಮತ್ತೆ ಚಿಗುರಿ, ಟೊಂಗೆ ಬಿಟ್ಟು, ಇನ್ನೆರಡು ‘ಕೊನೆಯದಾಗಿ’ಗಳನ್ನು ದಾಟಿದ ಮೇಲಷ್ಟೇ ‘ಆಮೆನ್’.

ಮಾತು ಉದ್ದವಾದರೂ ವಿಷಯ ಹಗುರವಾದದ್ದಲ್ಲ. ಇಪ್ಪತ್ತೆಂಟು ವರ್ಷದಿಂದ ಅಯ್ಯನವರು ಸುತ್ತಿ ಸುತ್ತಿ ಹೇಳುತ್ತಿದ್ದದ್ದು ಒಂದನ್ನೇ: ದೇವರ ಮನೆಯಲ್ಲಿ ಮೇಲು ಕೀಳು ಸಲ್ಲದು, ಬೀದಿಯಲ್ಲೂ ಸಲ್ಲದು. ಅವರಪ್ಪ ಒಂದು ಚರ್ಚಿನಲ್ಲಿ ಗಂಟೆ ಹೊಡೆದು, ನೆಲ ಗುಡಿಸಿ, ಮೂವತ್ತು ವರ್ಷ ಬಾಗಿಲ ಪಕ್ಕ ನಿಂತೇ ಪ್ರಸಂಗ ಕೇಳಿದ ಮನುಷ್ಯ. ಅಪ್ಪ ಒಳಗೆ ಬಂದು ಬೆಂಚಿನ ಮೇಲೆ ಕೂತದ್ದನ್ನು ಮಗ ಒಮ್ಮೆಯೂ ನೋಡಿರಲಿಲ್ಲ. ಹಾಗಾಗಿ ಮಗ ಬೆಂಚುಗಳ ಬಗ್ಗೆ ಮಾತಾಡಿದರೆ ಅದು ಬಾಯಿಪಾಠವಲ್ಲ. ಚರಂಡಿ ಕೆಲಸದವರಿಗೆ ಬೂಟು ಕೊಡಿ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವರಿಗೆ ಕೈಗವಸು ಕೊಡಿ ಎಂದು ಅವರು ಬರೆದ ಅರ್ಜಿಗಳ ಒಂದು ದಪ್ಪ ಫೈಲು ಮನೆಯಲ್ಲಿತ್ತು. ಎಲ್ಲದಕ್ಕೂ ಉತ್ತರ ಬಂದಿತ್ತು. ಎಲ್ಲ ಉತ್ತರದಲ್ಲೂ ‘ವಿಷಯವು ಪರಿಶೀಲನೆಯಲ್ಲಿದೆ’ ಎಂದಿತ್ತು. ಆರು ವರ್ಷದ ಹಿಂದಿನ ವಿಷಯವೂ ಇನ್ನೂ ಪರಿಶೀಲನೆಯಲ್ಲೇ ಇತ್ತು.

ಅಧಿಕಾರಿಗಳು ಹಾಗಿರಲಿ, ಅಯ್ಯನವರ ಹೊಟ್ಟೆ ಉರಿಸುತ್ತಿದ್ದವರು ಸ್ವಂತ ಸಭೆಯವರು. ಅವರು ಯಾವತ್ತೂ ವಿರೋಧಿಸುತ್ತಿರಲಿಲ್ಲ. ವಿರೋಧಿಸಿದ್ದರೆ ಎಷ್ಟೋ ಆರಾಮಿತ್ತು. ಆರಾಧನೆ ಮುಗಿದು ಬಾಗಿಲಲ್ಲಿ ನಿಂತು ಕೈ ಕುಲುಕುವಾಗ ಎಲ್ಲರದ್ದೂ ಒಂದೇ ಮಾತು.

“ಇವತ್ತಿನ ಪ್ರಸಂಗ ಮನಸ್ಸಿಗೆ ನಾಟ್ತು, ಅಯ್ಯನವರೇ.”

“ಇಪ್ಪತ್ತೆಂಟು ವರ್ಷದಿಂದ ನಾಟ್ತಾ ಇದೆ, ಒಂದೇ ಒಂದು ಮೊಳಕೆ ಕಾಣೆ,” ಎಂದು ಅಯ್ಯನವರು ಮನೆಗೆ ಬಂದು ನಿಲುವಂಗಿ ಕಳಚುತ್ತ ಹೆಂಡತಿಗೆ ಹೇಳುವರು.

ಸಭೆಯವರು ಅವರ ಹೆಂಡತಿಯನ್ನು ಅಮ್ಮನವರು ಎನ್ನುತ್ತಿದ್ದರು. ಆಕೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ನಲವತ್ತು ಮಕ್ಕಳ ಸಬೂಬು ಕೇಳಿ ಕೇಳಿ ಪಳಗಿದವರು. “ಅವರೇನು ನೆಲವಾ? ಊಟಕ್ಕೆ ಕೂತ್ಕೊಳ್ಳಿ,” ಎನ್ನುವರು.

ಚರ್ಚಿನೊಳಗೆ ಎಡಕ್ಕೆ ಹದಿನಾಲ್ಕು, ಬಲಕ್ಕೆ ಹದಿನಾಲ್ಕು ಬೆಂಚು. ಮುಂದಿನ ಆರಾರು ಬೆಂಚುಗಳ ತುದಿಗೆ ಹಿತ್ತಾಳೆಯ ಪುಟ್ಟ ಫಲಕ. ಅದರಲ್ಲಿ ಬೆಂಚು ಮಾಡಿಸಿಕೊಟ್ಟ ಮನೆತನದ ಹೆಸರು. ಫಲಕ ಇರುವುದರಿಂದ ಜಾಗ ಎಲ್ಲಿಗೂ ಓಡಿಹೋಗದು. ಜಾಗ ಓಡದ ಮೇಲೆ ಅವರೇಕೆ ಓಡಿ ಬರಬೇಕು? ಎಂಟು ಗಂಟೆಯ ಆರಾಧನೆಗೆ ಒಂಬತ್ತಾದ ಮೇಲೆ, ಪ್ರಸಂಗದ ನಡುಮಧ್ಯದಲ್ಲಿ, ಗಂಧದ ಎಣ್ಣೆಯ ವಾಸನೆ ಸಮೇತ ಬರುವರು. ಅವರಲ್ಲಿ ಹಿರಿಯರು ಮರದ ಡಿಪೋ ಇಟ್ಟಿದ್ದ ಒಬ್ಬರು; ಬೆಂಚುಗಳಿಗೆಲ್ಲ ಮರ ಕೊಟ್ಟದ್ದು ಅವರ ತಾತ. ಎಲ್ಲರೂ ಅವರನ್ನು ಡಿಪೋ ಯಜಮಾನರು ಎನ್ನುತ್ತಿದ್ದರು. ಹಿಂದಿನ ಬೆಂಚುಗಳಿಗೆ ಫಲಕ ಇರಲಿಲ್ಲ. ಅಲ್ಲಿ ಚರಂಡಿ ಕೆಲಸದವರು, ಕಾವಲುಗಾರರು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವರು ಎಂಟಕ್ಕೆ ಐದು ನಿಮಿಷ ಇರುವಾಗಲೇ ಬಂದು ಕೂತಿರುವರು.

ತಿಂಗಳ ಮೊದಲ ಭಾನುವಾರ ಪ್ರಸಂಗದ ನಂತರ ಕರ್ತನ ಭೋಜನ. ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿಯ ಚೂರು, ಒಂದು ಗುಟುಕು ದ್ರಾಕ್ಷಾರಸ. ಬಟ್ಟಲು ಒಂದೇ, ಬಾಯಿ ನೂರಾ ಇಪ್ಪತ್ತು. ಒಬ್ಬರು ಕುಡಿದ ಮೇಲೆ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ತುಸು ತಿರುಗಿಸಿ, ಮುಂದಿನವರಿಗೆ. ಬಟ್ಟಲು ಯಾವಾಗಲೂ ಮೊದಲ ಬೆಂಚಿನಿಂದ ಹೊರಟು ಕಡೆಯ ಬೆಂಚಿಗೆ ಬರುತ್ತಿತ್ತು. ಹಾಗೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಏಕೆಂದರೆ ಎಲ್ಲರಿಗೂ ಗೊತ್ತಿತ್ತು: ಚರಂಡಿ ಕೆಲಸದವನು ತುಟಿ ಇಟ್ಟ ಬಟ್ಟಲಿಗೆ ಮುಂದಿನ ಬೆಂಚು ತುಟಿ ಇಡದು.

ವರ್ಷ ಮುಗಿಯಲು ಇನ್ನು ಎರಡೇ ಭೋಜನ ಉಳಿದಿದ್ದಾಗ ಕಮಿಟಿಯ ಕಾರ್ಯದರ್ಶಿ ಒಂದು ಪಟ್ಟಿ ಹಿಡಿದು ಅಯ್ಯನವರ ಕೋಣೆಗೆ ಬಂದರು. ಅವರು ನಿವೃತ್ತ ಗಣಿತದ ಮೇಷ್ಟ್ರು. ದೇವರನ್ನು ಕೂಡ ಮೂರರಲ್ಲಿ ಒಂದು, ಒಂದರಲ್ಲಿ ಮೂರು ಎಂಬ ಲೆಕ್ಕವಾಗಿಯೇ ನಂಬಿದವರು.

“ವರ್ಷದಲ್ಲಿ ಒಂದು ಸಲಾನೂ ಭೋಜನ ತಗೊಳ್ಳದವರ ಹೆಸರು ಸಭೆಯ ಪಟ್ಟಿಯಿಂದ ಹೋಗ್ಬೇಕು. ನಿಯಮ ಹನ್ನೊಂದು,” ಎಂದರು ಮೇಷ್ಟ್ರು. “ಊರು ಬಿಟ್ಟವರು ನಾಲ್ಕು ಜನ. ಆಮೇಲೆ ನಮ್ಮ ಆಸ್ಪತ್ರೆ ಅಕ್ಕ.”

“ಆಸ್ಪತ್ರೆ ಅಕ್ಕನಾ? ಆಕೆ ಪ್ರತಿ ಭಾನುವಾರ ಬರ್ತಾಳಲ್ರೀ.”

“ಬರ್ತಾಳೆ, ಹೋಗ್ತಾಳೆ. ಭೋಜನದ ಪುಸ್ತಕದಲ್ಲಿ ಹತ್ತು ತಿಂಗಳಿಂದ ಆಕೆ ಹೆಸರಿನ ಮುಂದೆ ಸೊನ್ನೆ.”

ಅಯ್ಯನವರು ಪಟ್ಟಿಯನ್ನು ಕಸಿದು ನೋಡಿದರು. ಆಸ್ಪತ್ರೆ ಅಕ್ಕ ಅಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದ ವಿಧವೆ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ವೈರಿಂಗ್ ಕೆಲಸದ ಒಬ್ಬ ಹುಡುಗನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಹೊಸ ವರ್ಷದ ಮೊದಲ ತಿಂಗಳಲ್ಲಿ ಚರ್ಚಿನಲ್ಲಿ ಮದುವೆ ಪ್ರಕಟಣೆ ಓದಬೇಕು. ಸಭೆಯ ಪಟ್ಟಿಯ ಪುಸ್ತಕದಲ್ಲಿ ಅವರ ಮನೆಯ ಪುಟ ತಾಯಿಯ ಹೆಸರಿನಲ್ಲಿತ್ತು. ತಾಯಿಯ ಹೆಸರು ಹೋದರೆ ಪುಟ ಹೋಯಿತು, ಪುಟ ಹೋದರೆ ಮಗಳ ಮದುವೆ ಈ ಚರ್ಚಿನಲ್ಲಿಲ್ಲ.

“ನಿಯಮ ಸ್ವಲ್ಪ ಸಡಿಲಿಸೋಕೆ ಆಗಲ್ವಾ ಮೇಷ್ಟ್ರೇ?”

“ಹೋದ ವರ್ಷ ಡಿಪೋ ಯಜಮಾನರ ಷಡ್ಡಕನ ಹೆಸರು ತೆಗೆದಾಗ ‘ನಿಯಮ ಅಂದ್ರೆ ನಿಯಮ’ ಅಂದವರು ಯಾರು?”

ಅಂದವರು ಅಯ್ಯನವರೇ. ಅವತ್ತು ಅದು ಅವರಿಗೆ ಬಹಳ ನ್ಯಾಯವಾಗಿ ಕಂಡಿತ್ತು.

ಮಾರನೆಯ ದಿನವೇ ಆಕೆಯ ಮನೆಗೆ ಹೋದರು. ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆಯಲ್ಲಿ ಒಲೆ, ಒಂದು ಕೋಣೆಯಲ್ಲಿ ಮಿಕ್ಕಿದ್ದೆಲ್ಲ. ಮಗಳು ಕುರ್ಚಿ ಒರೆಸಿ ಕೊಟ್ಟಳು. ಆಸ್ಪತ್ರೆ ಅಕ್ಕ ಐವತ್ತು ದಾಟಿದ ಗಟ್ಟಿ ಹೆಂಗಸು. ಬಟ್ಟೆ ಸೋಡಾದ ನೀರಿಗೆ ಬೆರಳಿನ ಚರ್ಮ ಸುಲಿದು ಸುಲಿದು ಹೊಳೆಯುತ್ತಿತ್ತು.

“ಯಾಕಮ್ಮ, ಭೋಜನಕ್ಕೆ ನಿಲ್ಲೋದೇ ಇಲ್ಲವಂತೆ?”

“ಈ ವರ್ಷದಿಂದ ಭಾನುವಾರ ನನಗೆ ಬೆಳಗ್ಗೆ ಹತ್ತರ ಡ್ಯೂಟಿಗೆ ಹಾಕಿದಾರೆ, ಅಯ್ಯನವರೇ. ಬದಲಾಯಿಸಿ ಅಂತ ಮೇಸ್ತ್ರಿನ ಕೇಳಿ ಸಾಕಾಯ್ತು. ಒಂಬತ್ತು ನಲವತ್ತರ ಬಸ್ಸು ತಪ್ಪಿದ್ರೆ ಅರ್ಧ ದಿನದ ಹಾಜರಿ ಹೋಗತ್ತೆ. ಬಟ್ಟಲು ಬರೋ ಹೊತ್ತಿಗೆ ನಾನು ಬಸ್ಸಲ್ಲಿ…”

“ಗೊತ್ತಾಯ್ತು ಬಿಡಮ್ಮ,” ಎಂದರು ಅಯ್ಯನವರು. ಅವರ ಮುಖ ಕೆಂಪಾಗಿತ್ತು. “ಬಟ್ಟಲು ಮುಂದಿನ ಬೆಂಚಿಂದ ಹೊರಟು ಹಿಂದಕ್ಕೆ ಬರೋದು ತಾನೆ? ಬರಲಿ, ಬರಲಿ. ಇದಕ್ಕೊಂದು ಗತಿ ಕಾಣಿಸ್ತೀನಿ.”

“ಅದಲ್ಲ ಅಯ್ಯನವರೇ, ನಾನು ಹೇಳೋದು…”

“ನೀನೇನೂ ಹೇಳಬೇಡ. ನಾನು ಹೇಳ್ತೀನಿ, ಭಾನುವಾರ ಹೇಳ್ತೀನಿ.”

ಹೇಳಿಯೇ ಬಿಟ್ಟರು. ಭೋಜನಕ್ಕೆ ಒಂದು ವಾರ ಮುಂಚಿನ ಭಾನುವಾರ ಪೀಠದಿಂದ ಘೋಷಣೆಯಾಯಿತು: ಮುಂದಿನ ವಾರದಿಂದ ಬಟ್ಟಲು ಹಿಂದಿನ ಬೆಂಚಿನಿಂದ ಹೊರಡುತ್ತದೆ, ದೇವರ ಮನೆಯಲ್ಲಿ ಹಿಂದೆ ಕೂತವರಿಗೇ ಮೊದಲ ಮರ್ಯಾದೆ. ಡಿಪೋ ಯಜಮಾನರು ಕಣ್ಣು ಮುಚ್ಚಿ ತಲೆಯಾಡಿಸಿದರು. ಬಾಗಿಲಲ್ಲಿ ಕೈ ಕುಲುಕುತ್ತ, “ತುಂಬಾ ನಾಟ್ತು, ಅಯ್ಯನವರೇ,” ಎಂದರು.

ಆ ಮುಂದಿನ ಭಾನುವಾರ ಅಯ್ಯನವರು ಏಳೂಮುಕ್ಕಾಲಿಗೆ ಚರ್ಚಿನ ಹಿಂಬಾಗಿಲಿನಿಂದ ಒಳಗೆ ಬಂದು ನೋಡಿದರೆ, ಹಿಂದಿನ ಬೆಂಚುಗಳು ಕಿಕ್ಕಿರಿದಿದ್ದವು. ಹದಿನಾಲ್ಕನೇ ಬೆಂಚಿನ ಮೊದಲ ಜಾಗದಲ್ಲಿ ಡಿಪೋ ಯಜಮಾನರು, ಅವರ ಪಕ್ಕ ಹೆಂಡತಿ, ಅತ್ತಿಗೆ, ನಾದಿನಿ. ಹದಿಮೂರನೆಯದರಲ್ಲಿ ಡಾಕ್ಟರ ಮನೆಯವರು. ಹನ್ನೆರಡರಲ್ಲಿ ವಕೀಲರ ಮನೆಯವರು. ಫಲಕದ ಮನೆತನಗಳೆಲ್ಲ ಏಳೂ ಕಾಲಿಗೇ ಬಂದು ಜಾಗ ಹಿಡಿದಿದ್ದವು. ಹುಟ್ಟಿದಾಗಿನಿಂದ ಒಂಬತ್ತರ ಮೊದಲು ಚರ್ಚಿನ ಗೋಡೆಯನ್ನೇ ಕಾಣದವರು ಅವತ್ತು ಕಿಟಕಿಯಿಂದ ಬರುವ ಬೆಳಗಿನ ಬಿಸಿಲನ್ನು ಬೆರಗಾಗಿ ನೋಡುತ್ತಿದ್ದರು. ಹಿಂದಿನ ಬೆಂಚಿನವರು ಎಂದಿನ ಹಾಗೆ ಎಂಟಕ್ಕೆ ಐದು ನಿಮಿಷ ಇರುವಾಗ ಬಂದರು, ಬಾಗಿಲಲ್ಲಿ ತಬ್ಬಿಬ್ಬಾಗಿ ನಿಂತರು. ಅವರನ್ನು ಕೈ ಹಿಡಿದು ಕರೆದೊಯ್ದು ಖಾಲಿ ಬಿದ್ದಿದ್ದ ಮುಂದಿನ ಬೆಂಚುಗಳಲ್ಲಿ ಕೂರಿಸಿದವರು ಗಣಿತದ ಮೇಷ್ಟ್ರು.

“ನೋಡಿ ಅಯ್ಯನವರೇ,” ಎಂದು ಅವರು ಸಂತೋಷದಿಂದ ಪಿಸುಗುಟ್ಟಿದರು. “ನೀವು ಹೇಳ್ತಿದ್ರಲ್ಲ, ಹಿಂದಿನವರು ಮುಂದೆ ಬರಬೇಕು ಅಂತ. ಬಂದ್ಬಿಟ್ರು.”

ಅಯ್ಯನವರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು. ಗೋಡೆ ದೂರವಿತ್ತು, ಪೀಠ ಹತ್ತಿರವಿತ್ತು. ಪೀಠ ಹತ್ತಿದರು. ಅವತ್ತಿನ ಪ್ರಸಂಗ ಅವರ ಜೀವಮಾನದಲ್ಲೇ ಶ್ರೇಷ್ಠವಾದದ್ದು ಎಂದು ಹಾಡುವ ತಂಡದವರೇ ಒಪ್ಪುತ್ತಾರೆ. ಬೆಂಚು ಬದಲಾಯಿಸಬಹುದು, ಮನಸ್ಸು ಬದಲಾಯಿಸುವುದು ಯಾವಾಗ ಎಂದರು. ಜಾಗ ಬಿಟ್ಟುಕೊಡುವವರಿಗೂ ಜಾಗ ಕಿತ್ತುಕೊಳ್ಳುವವರಿಗೂ ಇರುವ ಅಂತರ ವಿವರಿಸಿದರು. ಮೊದಲ ‘ಕೊನೆಯದಾಗಿ’ ಒಂಬತ್ತೂ ಹತ್ತಕ್ಕೆ, ಎರಡನೆಯದು ಒಂಬತ್ತೂ ಇಪ್ಪತ್ತೈದಕ್ಕೆ. ಮೂರನೆಯದು ಹೇಳುವಾಗ ಆವೇಶಕ್ಕೆ ಕಣ್ಣು ಮುಚ್ಚಿಹೋಗಿತ್ತು. ಕಣ್ಣು ಬಿಟ್ಟಾಗ, ಎರಡನೇ ಬೆಂಚಿನಲ್ಲಿ ಆಸ್ಪತ್ರೆ ಅಕ್ಕ ಕೂತಿದ್ದ ಜಾಗ ಖಾಲಿ. ಇಷ್ಟುದ್ದದ ನಡುದಾರಿಯನ್ನು, ಎಲ್ಲರೂ ನೋಡುತ್ತಿರುವಾಗ, ತಲೆ ತಗ್ಗಿಸಿ ನಡೆದು ಹೋಗಿದ್ದಳು. ಆಮೇಲೆ ಬಟ್ಟಲು ಘೋಷಣೆಯಾದಂತೆ ಹಿಂದಿನ ಬೆಂಚಿನಿಂದಲೇ ಹೊರಟಿತು. ಮೊದಲ ಗುಟುಕು ಡಿಪೋ ಯಜಮಾನರದ್ದು.

ಮನೆಗೆ ಬಂದವರು ಊಟ ಬೇಡ ಎಂದರು. “ಇವರಿಗೆ ಹೇಳಿ ಹೇಳಿ ನನ್ನ ಗಂಟಲು ಹರೀತು. ಮುಂದೆ ಕೂತ್ರೆ ಮುಂದಿಂದ ಶುರುವಾಗ್ಬೇಕು, ಹಿಂದೆ ಹೋದ್ರೆ ಹಿಂದಿಂದ ಶುರುವಾಗ್ಬೇಕು. ಇವರು ಸೂರಿನ ಮೇಲೆ ಕೂತ್ರೆ ಭೋಜನ ಆಕಾಶದಿಂದ ಇಳೀಬೇಕೇನೋ.”

“ಮುಂದಿನ ವಾರದ ಯೋಜನೇನ ಈ ವಾರ ಊರಿಗೆಲ್ಲ ಸಾರಿದ್ದು ಯಾರು?” ಎಂದರು ಅಮ್ಮನವರು, ಉತ್ತರ ಪತ್ರಿಕೆಗಳ ಕಟ್ಟಿನಿಂದ ತಲೆ ಎತ್ತದೆ.

ಉಳಿದದ್ದು ಒಂದೇ ಭೋಜನ. ಅಯ್ಯನವರು ತಲೆ ಓಡಿಸಿದರು. ಹಾಸಿಗೆ ಹಿಡಿದವರ ಮನೆಗೆ ಭೋಜನ ಒಯ್ಯಲು ಅವರ ಬಳಿ ಚರ್ಮದ ಚಿಕ್ಕ ಪೆಟ್ಟಿಗೆಯೊಂದಿತ್ತು. ಒಳಗೆ ಅಂಗೈಯಗಲದ ತಟ್ಟೆ, ಅದಕ್ಕೆ ತಕ್ಕ ಬಟ್ಟಲು. ಬುಧವಾರ ಮಧ್ಯಾಹ್ನ ಅದನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ಹಿಂದಿದ್ದ ಬಟ್ಟೆ ಒಗೆಯುವ ಕಟ್ಟಡಕ್ಕೆ ನಡೆದರು.

ಒಳಗೆ ಹಬೆ. ಕನ್ನಡಕ ಮಂಜಾಗಿ ಎರಡು ನಿಮಿಷ ಏನೂ ಕಾಣಲಿಲ್ಲ. ದೊಡ್ಡ ದೊಡ್ಡ ಯಂತ್ರಗಳು ಗಡಗಡ ತಿರುಗುತ್ತಿದ್ದವು. ಒಂದು ಮೂಲೆಯಲ್ಲಿ ರಕ್ತದ ಕಲೆಯ ಹಾಸುಗಳ ಗುಡ್ಡೆ, ಇನ್ನೊಂದರಲ್ಲಿ ಕಲೆಯಿಲ್ಲದವು. ಹಾಸಿನ ಅಂಚಿಗೆ ವಾರ್ಡಿನ ನಂಬರು ಬರೆದಿತ್ತು. ಐದಾರು ಹೆಂಗಸರು ಬರಿಗೈಯಲ್ಲಿ ಕಲೆಯ ಗುಡ್ಡೆಯನ್ನು ಬಿಡಿಸುತ್ತಿದ್ದರು. ಅಯ್ಯನವರು ಕೈಗವಸಿಗೆ ಅರ್ಜಿ ಬರೆದು ನಾಲ್ಕು ವರ್ಷವಾಗಿತ್ತು. ಈ ಕೋಣೆಯ ಬಗ್ಗೆ ಏಳೆಂಟು ಪ್ರಸಂಗ ಮಾಡಿದ್ದರು. ಒಳಗೆ ಕಾಲಿಟ್ಟದ್ದು ಇದೇ ಮೊದಲು.

ಆಸ್ಪತ್ರೆ ಅಕ್ಕ ಕೈ ಒರೆಸಿಕೊಂಡು ಹೊರಗಿನ ಕಟ್ಟೆಗೆ ಬಂದಳು. ಪೆಟ್ಟಿಗೆ ನೋಡಿದ ಕೂಡಲೇ ಅವಳ ಹುಬ್ಬು ಗಂಟಾಯಿತು.

“ಇದೇನು, ಅಯ್ಯನವರೇ?”

“ಭೋಜನ ಕಣಮ್ಮ. ಇಲ್ಲೇ ಕೊಡ್ತೀನಿ. ಮೇಷ್ಟ್ರ ಪುಸ್ತಕದಲ್ಲಿ ಬರೆಸ್ತೀನಿ. ಮಗಳ ಮದುವೆಗೆ ತೊಂದರೆ ಇರಲ್ಲ.”

“ಅದು ಏಳೋಕಾಗದೆ ಮಲಗಿದವರಿಗೆ ತಗೊಂಡು ಹೋಗೋ ಪೆಟ್ಟಿಗೆ. ನನ್ನ ಯಜಮಾನರು ಸಾಯೋ ಹಿಂದಿನ ದಿನ ಇದನ್ನೇ ತಂದಿದ್ರಿ,” ಎಂದಳು. “ನಾನು ದಿನಕ್ಕೆ ಇನ್ನೂರು ಹಾಸು ಎತ್ತೋಳು. ನನಗೇನಾಗಿದೆ?”

“ಏನೂ ಆಗಿಲ್ಲಮ್ಮ. ಒಂದು ಉಪಾಯ ಅಷ್ಟೆ.”

“ಎಲ್ಲರ ಜೊತೆ ಕೂತು, ಒಂದೇ ಬಟ್ಟಲಲ್ಲಿ ಕುಡಿಯೋದು ತಾನೆ ಭೋಜನ? ನೀವೇ ಎಷ್ಟು ಸಲ ಹೇಳಿಲ್ಲ? ಕಳ್ಳತನದಲ್ಲಿ ಕಟ್ಟೆ ಮೇಲೆ ಕುಡಿಯೋಕೆ ಅದೇನು ಕೆಮ್ಮಿನ ಔಷಧೀನಾ?”

ಅಯ್ಯನವರಿಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ, ಅವಳ ಮಾತು ಸರಿಯಾಗಿತ್ತು. “ಹಾಗಾದ್ರೆ ನಾನೇನು ಮಾಡ್ಲಿ ಹೇಳು. ಹಿಂದಿನ ಬೆಂಚಿಂದ ಶುರು ಮಾಡೋಣ ಅಂದ್ರೆ ಆ ಜನ ಹಿಂದಕ್ಕೆ ಬಂದು ಕೂತ್ರು. ಅವರಿಗೆ ನಾಚಿಕೆ ಇಲ್ಲ. ನಾನೊಬ್ಬ ಎಷ್ಟು ಅಂತ ಹೊಡೆದಾಡ್ಲಿ?”

ದೊಡ್ಡವರಿಗೆ ಹೇಳಬಾರದ್ದನ್ನು ಹೇಳುವವರು ಮಾಡುವಂತೆ ಆಸ್ಪತ್ರೆ ಅಕ್ಕ ನೆಲ ನೋಡುತ್ತ ಹೇಳಿದಳು. “ಹಿಂದಿನ ಬೆಂಚಾದ್ರೇನು, ಮುಂದಿನ ಬೆಂಚಾದ್ರೇನು, ಅಯ್ಯನವರೇ. ಒಂಬತ್ತೂವರೆಗೆ ನಾನು ಎದ್ದು ಹೋಗುವಾಗ ನೀವಿನ್ನೂ ಮಾತಾಡ್ತಾ ಇರ್ತೀರಿ. ಬಟ್ಟಲು ಅಲಮಾರಿಯಿಂದ ಹೊರಗೇ ಬಂದಿರಲ್ಲ. ಅವತ್ತು ಮನೆಗೆ ಬಂದಾಗ ಅದನ್ನೇ ಹೇಳೋಕೆ ಹೋದೆ.”

ಒಳಗೆ ಒಂದು ಯಂತ್ರ ನಿಂತಿತು. ಇನ್ನೊಂದು ಶುರುವಾಯಿತು. ಅಯ್ಯನವರು ಪೆಟ್ಟಿಗೆಯ ಕೊಂಡಿಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ಪ್ರಸಂಗ ಚೆನ್ನಾಗಿರುತ್ತೆ,” ಎಂದು ಅವಳು ಸಮಾಧಾನ ಮಾಡಿದಳು. “ನಮ್ಮ ಬಗ್ಗೇನೇ ಇರುತ್ತೆ.”

ಆ ಸಮಾಧಾನದಿಂದ ಅಯ್ಯನವರಿಗೆ ಆದಷ್ಟು ಉರಿ, ಡಿಪೋ ಯಜಮಾನರ ಇಪ್ಪತ್ತೆಂಟು ವರ್ಷದ ಹೊಗಳಿಕೆಯಿಂದಲೂ ಆಗಿರಲಿಲ್ಲ. ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಎಂಟೂಮುಕ್ಕಾಲಿಗೆ ಪ್ರಸಂಗ ಶುರು. ಇಪ್ಪತ್ತು ನಿಮಿಷಕ್ಕೆ ಮುಗಿಸಿದ್ದರೆ ಬಟ್ಟಲು ಮುಂದಿನಿಂದ ಬಂದಿದ್ದರೂ ಹಿಂದಿನಿಂದ ಬಂದಿದ್ದರೂ ಅಡ್ಡದಿಂದ ಬಂದಿದ್ದರೂ ಅವಳಿಗೆ ಸಿಗುತ್ತಿತ್ತು. ಹನ್ನೊಂದು ತಿಂಗಳು ಅವಳ ಬಾಯಿಗೂ ಬಟ್ಟಲಿಗೂ ನಡುವೆ ಅಡ್ಡ ನಿಂತದ್ದು ಫಲಕದ ಬೆಂಚುಗಳಲ್ಲ. ಅವಳ ಪರವಾಗಿ ಆಡಿದ ಮಾತು.

ಮನೆಗೆ ಬಂದು ಹೆಂಡತಿಯ ಮೇಲೆ ಹಾಯ್ದರು. “ಪ್ರಸಂಗ ಉದ್ದವಾಯ್ತು ಅಂತ ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?”

“ಮದುವೆಯಾದ ಮೂರನೇ ವರ್ಷ ಹೇಳಿದ್ದೆ,” ಎಂದರು ಅಮ್ಮನವರು. “ಅದಕ್ಕೆ ನೀವು ಉತ್ತರ ಕೊಟ್ರಿ. ಉತ್ತರ ಮುಗಿಯೋ ಹೊತ್ತಿಗೆ ಅನ್ನ ತಳ ಹಿಡಿದಿತ್ತು. ಆಮೇಲೆ ನಾನು ಕೇಳೋದು ಬಿಟ್ಟೆ.”

“ಈಗ ಮುಂದಿನ ಸಲ ಹತ್ತೇ ನಿಮಿಷ ಮಾತಾಡ್ತೀನಿ. ನೋಡ್ತಿರು.”

ಶನಿವಾರ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹತ್ತು ನಿಮಿಷದ ಪ್ರಸಂಗವನ್ನು ಅಭ್ಯಾಸ ಮಾಡಿದರು. ಅಮ್ಮನವರು ಕೈಗಡಿಯಾರ ಮುಂದಿಟ್ಟುಕೊಂಡು ಕಾಳು ಆರಿಸುತ್ತಿದ್ದರು. ಇಪ್ಪತ್ತೆರಡನೇ ನಿಮಿಷಕ್ಕೆ ಪೀಠಿಕೆ ಮುಗಿಯಿತು.

“ಎಲ್ಲಿ ಕತ್ತರಿಸೋದು ಇದನ್ನ?” ಎಂದು ಅಯ್ಯನವರು ಸೋತು ಕುರ್ಚಿಯಲ್ಲಿ ಕುಸಿದರು. “ಎಲ್ಲವೂ ಮುಖ್ಯವಾದದ್ದೇ.”

“ಕತ್ತರಿಸಬೇಡಿ. ಅಷ್ಟು ಮಾತು ಒಳಗಿಟ್ಕೊಂಡ್ರೆ ನಿಮಗೇ ಆರೋಗ್ಯ ಕೆಡುತ್ತೆ,” ಎಂದರು ಅಮ್ಮನವರು. “ಭೋಜನ ಮೊದಲು ಮುಗಿಸಿ. ಪ್ರಸಂಗ ಆಮೇಲೆ ಮಾಡಿ. ಹೋಗೋರು ಹೋಗ್ತಾರೆ, ಇರೋರು ಇರ್ತಾರೆ.”

ಅಯ್ಯನವರು ಹೌಹಾರಿದರು. ಆರಾಧನೆಯ ಪುಸ್ತಕದಲ್ಲಿ ಪ್ರಸಂಗವಾದ ಮೇಲೆಯೇ ಭೋಜನ. ಅದನ್ನು ತಿರುವುಮುರುವು ಮಾಡಿದವರನ್ನು ಅವರು ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪ್ರಸಂಗ ಎಂದರೆ ಎಲ್ಲರೂ ಕಾಯುವ ಹೊತ್ತಿನ ಮಾತು, ಭೋಜನ ಆದ ಮೇಲೆ ಯಾರು ಕಾಯುತ್ತಾರೆ ಎಂಬ ಚುರುಕು ಒಳಗೆ ತಾಗಿತು. ಆ ಚುರುಕನ್ನು ಅವರು ಹೆಂಡತಿಗೆ ಹೇಳಲಿಲ್ಲ. ಆಕೆಗೆ ಹೇಳುವ ಅಗತ್ಯವೂ ಇರಲಿಲ್ಲ.

ಈ ಸಲ ಏನನ್ನೂ ಸಾರಲಿಲ್ಲ. ವರ್ಷದ ಕಡೆಯ ಭೋಜನದ ಭಾನುವಾರ ಬಂತು. ಹಿಂದಿನ ಸಲದ ಘೋಷಣೆ ಆ ಒಂದು ಸಲಕ್ಕೇ ಮುಗಿಯಿತೆಂದುಕೊಂಡು ಫಲಕದವರು ತಂತಮ್ಮ ಫಲಕಕ್ಕೆ ಮರಳಿದ್ದರು. ಅಂದರೆ ಫಲಕಗಳು ಬೆಂಚಿನ ಮೇಲಿದ್ದವು, ಜನ ಇನ್ನೂ ಮನೆಯಲ್ಲಿದ್ದರು. ಎಂಟೂಮುಕ್ಕಾಲಿಗೆ ಬೈಬಲ್ ಪಾಠಗಳ ಓದು ಮುಗಿಯಿತು. ಅಯ್ಯನವರು ಪೀಠದ ಮೆಟ್ಟಿಲವರೆಗೆ ಬಂದರು. ಹಾಡುವ ತಂಡದವರು ಬೆಂಚಿಗೆ ಒರಗಿಕೊಂಡು ಸಿದ್ಧರಾದರು. ಅಯ್ಯನವರು ಮೆಟ್ಟಿಲನ್ನು ನೋಡಿದರು. ಬಹಳ ದಿನದ ಗೆಳೆಯನನ್ನು ರೈಲು ಹತ್ತಿಸಿದವರ ಹಾಗಿತ್ತು ಅವರ ಮುಖ. ಆಮೇಲೆ ತಿರುಗಿ ಭೋಜನದ ಮೇಜಿನ ಹತ್ತಿರ ಹೋಗಿ ಬಿಳಿ ಬಟ್ಟೆ ತೆಗೆದರು.

ಗಣಿತದ ಮೇಷ್ಟ್ರು ಓಡಿ ಬಂದರು. “ಅಯ್ಯನವರೇ, ಆರಾಧನೆ ಪುಸ್ತಕದಲ್ಲಿ ನಡುವೆ ಹದಿನಾಲ್ಕು ಪುಟ ಹಾರಿದವು.”

“ಗೊತ್ತು ಮೇಷ್ಟ್ರೇ. ಹಾರಿದವು ಆಮೇಲೆ ಬಂದು ಕೂರುತ್ತವೆ. ನೀವು ಪುಸ್ತಕ, ಪೆನ್ನು ತಗೊಳ್ಳಿ.”

ಪ್ರಾರ್ಥನೆಯಾಯಿತು. ರೊಟ್ಟಿ ಮುರಿದಾಯಿತು. ಬಟ್ಟಲು ಹಿಡಿದು ಅವರು ಖಾಲಿ ಬೆಂಚುಗಳನ್ನು ಒಂದೊಂದಾಗಿ ದಾಟಿ ನಡೆದರು; ಎಲ್ಲಿ ಜನ ಸಿಕ್ಕರೋ ಅಲ್ಲಿಂದ ಶುರು. ಮೊದಲು ಇಬ್ಬರು ಕಾವಲುಗಾರರು, ಆಮೇಲೆ ಚರಂಡಿ ಕೆಲಸದವನೊಬ್ಬ, ಅವನ ತಾಯಿ. ಆಸ್ಪತ್ರೆ ಅಕ್ಕನ ಮುಂದೆ ಬಂದಾಗ ಗಡಿಯಾರದಲ್ಲಿ ಒಂಬತ್ತು ಗಂಟೆ ಎರಡು ನಿಮಿಷ. ಅವಳು ಸುಲಿದ ಬೆರಳುಗಳಿಂದ ಬಟ್ಟಲು ಹಿಡಿದಳು, ಕುಡಿದಳು, ಹಿಂದಕ್ಕೆ ಕೊಟ್ಟಳು. ಎಷ್ಟು ಸುಲಭವಾಗಿತ್ತೆಂದರೆ ಅಯ್ಯನವರಿಗೆ ಮೈಯೆಲ್ಲ ರೇಗಿತು. ಹನ್ನೊಂದು ತಿಂಗಳು, ಒಂದು ಘೋಷಣೆ, ಒಂದು ಪೆಟ್ಟಿಗೆ, ಜೀವಮಾನದ ಶ್ರೇಷ್ಠ ಪ್ರಸಂಗ. ಬೇಕಾದದ್ದು ಇಷ್ಟೇ ಆಗಿತ್ತು.

“ಬರ್ಕೊಳ್ಳಿ, ಮೇಷ್ಟ್ರೇ,” ಎಂದರು. ಮೇಷ್ಟ್ರು ಸೊನ್ನೆಗಳ ಸಾಲಿನ ತುದಿಗೆ ಒಂದು ಬರೆದು, ಅಡಿಗೆರೆ ಎಳೆದು, ಕೂಡಿಸಿಯೂ ನೋಡಿದರು.

ಒಂಬತ್ತೂ ಕಾಲಿಗೆ ಡಿಪೋ ಯಜಮಾನರು ಸಪರಿವಾರ ಒಳಗೆ ಬಂದಾಗ ಅಯ್ಯನವರು ಪೀಠದ ಮೇಲಿದ್ದರು, ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಎಲ್ಲ ಸರಿಯಾಗಿದೆ ಎಂದುಕೊಂಡು ಅವರು ಕೂತರು. ಪ್ರಸಂಗ ಮುಗಿಯಿತು, ಆಶೀರ್ವಾದವಾಯಿತು, ಜನ ಎದ್ದರು. ಆಗ ಅವರಿಗೆ ತಿಳಿಯಿತು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. “ಇದೇನು, ಅಯ್ಯನವರೇ? ನಮಗೆ ಭೋಜನ ಇಲ್ವಾ?”

“ಇತ್ತಲ್ಲ. ಎಂಟೂಮುಕ್ಕಾಲಿಗೆ.”

“ಹಾಗಂತ ಯಾರೂ ಹೇಳಲಿಲ್ಲ.”

“ಆರಾಧನೆ ಎಂಟಕ್ಕೆ ಅಂತ ನಿಮ್ಮ ತಾತನ ಕಾಲದಿಂದ ಹಲಗೆ ಮೇಲೆ ಬರೆದಿದೆ, ಯಜಮಾನರೇ.”

“ಮೇಲಿನವರಿಗೆ ಬರೀತೀನಿ ನಾನು.”

“ಬರೀರಿ. ಪರಿಶೀಲನೆಯಲ್ಲಿದೆ ಅಂತ ಉತ್ತರ ಬರುತ್ತೆ. ಮಾದರಿ ಬೇಕಾದ್ರೆ ನನ್ನ ಹತ್ರ ಒಂದು ಫೈಲಿದೆ.”

ಯಜಮಾನರು ಬರೆದರೋ ಇಲ್ಲವೋ ಗೊತ್ತಿಲ್ಲ. ಕಮಿಟಿ ಸಭೆಯಲ್ಲಿ ಮಾತ್ರ, ಭೋಜನ ಹಳೆಯ ಹೊತ್ತಿಗೇ ಬರಬೇಕೆಂದು ಗದ್ದಲ ಎಬ್ಬಿಸುವರೆಂದು ಅಯ್ಯನವರು ತೋಳೇರಿಸಿ ಕೂತಿದ್ದರು. ಇಪ್ಪತ್ತು ಪುಟದ ವಾದವನ್ನು ಬರೆದುಕೊಂಡೂ ಹೋಗಿದ್ದರು. ಯಾರೂ ವಿರೋಧಿಸಲಿಲ್ಲ. ಭೋಜನ ಮೊದಲು, ಪ್ರಸಂಗ ಆಮೇಲೆ ಎಂಬುದಕ್ಕೆ ಫಲಕದವರೇ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಇಪ್ಪತ್ತು ಪುಟ ಅಂಗಿಯ ಜೇಬಿನಲ್ಲೇ ಉಳಿಯಿತು. ಗೆದ್ದೆನಲ್ಲ ಎಂಬ ಖುಷಿಗಿಂತ, ಇದರಲ್ಲಿ ಏನೋ ಇದೆ ಎಂಬ ಅನುಮಾನವೇ ಅವರನ್ನು ವಾರವಿಡೀ ಕೊರೆಯಿತು.

ಹೊಸ ವರ್ಷದ ಮೊದಲ ಭೋಜನದ ದಿನ ಆ ಏನೋ ಬಯಲಾಯಿತು. ಎಂಟು ಗಂಟೆಗೆ ಬೆಂಚುಗಳೆಲ್ಲ ಭರ್ತಿ. ಅಯ್ಯನವರು ಯಾರಿಗೂ ಸುಳಿವು ಕೊಡದೆ ಬಟ್ಟಲನ್ನು ಅವತ್ತು ಪಕ್ಕದ ಬಾಗಿಲಿನ ಕಡೆಯಿಂದ ಶುರು ಮಾಡಿದರು. ಎಲ್ಲಿಂದಲಾದರೂ ಶುರುವಾಗಬಹುದು ಎಂದಾದ ಮೇಲೆ ಓಡಿಹೋಗಿ ಹಿಡಿಯಲು ಜಾಗವೇ ಇರಲಿಲ್ಲ. ಸುತ್ತಿಕೊಂಡು ಬಂದ ಬಟ್ಟಲು ಡಿಪೋ ಯಜಮಾನರನ್ನು ತಲುಪಿದ್ದು ಚರಂಡಿ ಕೆಲಸದವನ ತುಟಿ ದಾಟಿ. ಅವರು ಬಟ್ಟಲಿನ ಅಂಚನ್ನು ನೋಡಿದರು, ಅಯ್ಯನವರನ್ನು ನೋಡಿದರು. ಕಷಾಯ ಕುಡಿಯುವವರಂತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕುಡಿದರು. ಕುಡಿದದ್ದಂತೂ ನಿಜ.

ಒಂಬತ್ತೂ ಕಾಲಿಗೆ ಮೇಜಿಗೆ ಬಟ್ಟೆ ಮುಚ್ಚಿ, ಅಯ್ಯನವರು ಮದುವೆ ಪ್ರಕಟಣೆಯ ಚೀಟಿ ತೆಗೆದರು. ಔಷಧಿ ಅಂಗಡಿಯ ಹುಡುಗಿಗೂ ವೈರಿಂಗ್ ಕೆಲಸದ ಹುಡುಗನಿಗೂ ಆಗಲಿರುವ ಮದುವೆಯನ್ನು ಮೊದಲ ಬಾರಿಗೆ ಓದಿದರು. ಆಸ್ಪತ್ರೆ ಅಕ್ಕ ಬೆಂಚಿನ ಅಂಚಿಗೆ ಬಂದು ಕೂತಿದ್ದಳು.

“ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಬೇಕು,” ಎಂದರು ಅಯ್ಯನವರು.

ಮೊದಲ ಬೆಂಚಿನಲ್ಲಿ ಡಿಪೋ ಯಜಮಾನರು ಎದ್ದು ನಿಂತರು.

ಮಗಳು ತಾಯಿಯ ಕೈ ಹಿಡಿದುಕೊಂಡಳು. ಮೇಷ್ಟ್ರ ಪೆನ್ನು ಪುಸ್ತಕದ ಮೇಲೆ ನಿಂತಲ್ಲೇ ನಿಂತಿತು.

ಯಜಮಾನರ ಹೆಂಡತಿಯೂ ಎದ್ದರು. ಅತ್ತಿಗೆ ಎದ್ದರು, ನಾದಿನಿ ಎದ್ದರು. ಹಿಂದೆಯೇ ಡಾಕ್ಟರ ಮನೆಯವರು, ವಕೀಲರ ಮನೆಯವರು.

“ಏನು, ಯಜಮಾನರೇ?” ಎಂದರು ಅಯ್ಯನವರು. “ಏನಾದ್ರೂ ಹೇಳೋದಿದೆಯಾ?”

“ಅಯ್ಯೋ, ಇಲ್ಲ ಇಲ್ಲ,” ಎಂದರು ಯಜಮಾನರು ಕೈ ಜೋಡಿಸಿ. “ಮದುವೆ ಚೆನ್ನಾಗಿ ಆಗಲಿ. ಭೋಜನ ಆಯ್ತಲ್ಲ, ಹೊರಟಿದ್ವಿ. ನೀವು ಪ್ರಸಂಗ ಮುಂದುವರಿಸಿ.”

ಆರು ಬೆಂಚು ಎಡಕ್ಕೆ, ಆರು ಬೆಂಚು ಬಲಕ್ಕೆ, ಸಾಲಾಗಿ, ಯಾರಿಗೂ ತೊಂದರೆಯಾಗದಂತೆ ಮೆಲ್ಲಗೆ ಹೆಜ್ಜೆ ಇಡುತ್ತ ಖಾಲಿಯಾದವು. ಹೊರಗೆ ಕಾರುಗಳು ಹೊರಟ ಸದ್ದು ಬಹಳ ಹೊತ್ತು ಕೇಳಿಸಿತು. ನ್ಯಾಯದ ಬಗ್ಗೆ ಮೂವತ್ತೆರಡು ಪುಟದ ಪ್ರಸಂಗ ಪೀಠದ ಮೇಲೆ ಕಾಯುತ್ತಿತ್ತು. ಅದನ್ನು ಯಾರಿಗಾಗಿ ಬರೆದಿದ್ದರೋ ಅವರೆಲ್ಲ ಬೀದಿಯಲ್ಲಿದ್ದರು. ಉಳಿದವರಿಗೆ ಅದರ ಒಂದು ಅಕ್ಷರವನ್ನೂ ಹೇಳಿಕೊಡಬೇಕಾಗಿರಲಿಲ್ಲ.

“ಆಕ್ಷೇಪಣೆ ಇಲ್ಲ ಅಂತ ಬರ್ಕೊಳ್ಳಲಾ?” ಎಂದರು ಮೇಷ್ಟ್ರು.

“ಬರ್ಕೊಳ್ಳಿ,” ಎಂದರು ಅಯ್ಯನವರು. “ಮದುವೆಗಂತೂ ಇಲ್ಲ.”

ಆಸ್ಪತ್ರೆ ಅಕ್ಕ ಮಗಳ ಕೈ ಬಿಡಿಸಿಕೊಂಡು ಚೀಲ ಹೆಗಲಿಗೆ ಹಾಕಿದಳು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಹೊರಡಲೋ ಕೂರಲೋ ಎಂದು ಒಂದು ಗಳಿಗೆ ನೋಡಿ, ಅಯ್ಯನವರ ಮುಖ ಕಂಡು, ಮತ್ತೆ ಕೂತಳು.